ಲೆಕ್ಕಕ್ಕೆ ಬಾರದ ತಿಂಗಳುಗಳು

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ ಎಂದು ಹೇಳಿದ ತಕ್ಷಣ ಜನ ತಮ್ಮ ಮೊಣಕಾಲು ನೋವಿನ ಕಥೆ ಶುರು ಮಾಡುತ್ತಾರೆ. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ನೆಲಮಹಡಿಯಲ್ಲಿ ಔಷಧದ ಉಗ್ರಾಣದ ಪಕ್ಕ ಸದಾ ಚಳಿ ಹಿಡಿಸುವ ಒಂದು ಕೋಣೆಯಿದೆ. ಅಲ್ಲಿರುವ ಕಂಪ್ಯೂಟರುಗಳ ಯೋಗಕ್ಷೇಮ ನನ್ನದು. ಅವು ಚೆನ್ನಾಗಿದ್ದಾಗ ನಾನೊಬ್ಬಳು ಇದ್ದೇನೆಂಬುದೇ ಯಾರ ನೆನಪಿಗೂ ಬರುವುದಿಲ್ಲ. ಕೆಟ್ಟ ದಿನ ಮಾತ್ರ ಇಡೀ ಕಟ್ಟಡ ನನ್ನನ್ನು ಹುಡುಕಿಕೊಂಡು ಬರುತ್ತದೆ.

ಆ ವರ್ಷ ಆಪರೇಟಿಂಗ್ ಸಿಸ್ಟಮ್ ಬದಲಾಯಿಸಲೇಬೇಕಾಗಿ ಬಂತು. ಹಳೆಯದನ್ನು ಮಾಡಿದವರು, ಇನ್ನು ಇದಕ್ಕೆ ರಿಪೇರಿ ಕಳಿಸುವುದಿಲ್ಲ ಎಂದು ಕೈತೊಳೆದುಕೊಂಡಿದ್ದರು. ರಿಪೇರಿಯಿಲ್ಲದ ಕಂಪ್ಯೂಟರನ್ನು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವುದೆಂದರೆ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ. ಹೊಸದನ್ನು ಹಾಕುವುದೇನೋ ಅಂಥ ದೊಡ್ಡ ಕೆಲಸವಲ್ಲ. ತಾಪತ್ರಯ ಇದ್ದದ್ದು ಅದರ ಜೊತೆಗೆ ಬರುವ ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ. ರಕ್ತಪರೀಕ್ಷೆಯ ಫಲಿತಾಂಶವನ್ನು ವಾರ್ಡಿಗೆ ಕಳಿಸುವುದು, ಹಾಸಿಗೆ ಖಾಲಿಯಿದೆಯೇ ನೋಡುವುದು, ಇಂಥ ನೂರೆಂಟು ಕೆಲಸಗಳಿಗೆ ನಾವು ಸ್ಕ್ರಿಪ್ಟುಗಳನ್ನು ಬರೆದಿಟ್ಟುಕೊಂಡಿದ್ದೆವು. ಸ್ಕ್ರಿಪ್ಟ್ ಎಂದರೆ ಮತ್ತೇನಲ್ಲ, ಇದಾದ ಮೇಲೆ ಇದನ್ನು ಮಾಡು ಎಂದು ಕಂಪ್ಯೂಟರಿಗೆ ಸಾಲುಸಾಲಾಗಿ ಹೇಳಿಕೊಟ್ಟದ್ದು. ಅವೆಲ್ಲ ಆ ಭಾಷೆಯ ಹಳೆಯ ಆವೃತ್ತಿಯಲ್ಲಿದ್ದವು. ಹೊಸ ಸಿಸ್ಟಮ್ಮಿನಲ್ಲಿ ಬರುತ್ತಿದ್ದದ್ದು ಹೊಸ ಆವೃತ್ತಿ ಮಾತ್ರ. ಭಾಷೆಯನ್ನು ಕಟ್ಟಿದ ಮಹಾನುಭಾವರು ತಾವು ಹಿಂದೆ ಮಾಡಿದ ಕೆಲವು ತಪ್ಪುಗಳನ್ನು ಹೊಸದರಲ್ಲಿ ತಿದ್ದಿಕೊಂಡಿದ್ದರು. ತಿದ್ದಿಕೊಂಡದ್ದು ಒಳ್ಳೆಯದೇ. ಆದರೆ ಅವರ ತಪ್ಪನ್ನೇ ನಂಬಿಕೊಂಡು ಊರೆಲ್ಲ ಬರೆದಿಟ್ಟಿದ್ದ ಸಾಲುಗಳು ಏನಾಗಬೇಕು ಎಂದರೆ, ಅದು ನಿಮ್ಮ ಹಣೆಬರಹ ಎಂಬಂಥ ಉತ್ತರ.

ಹೆಚ್ಚಿನ ಸ್ಕ್ರಿಪ್ಟುಗಳು ಹೊಸದರಲ್ಲಿ ಮೊದಲ ಸಾಲಿಗೇ ಮುಗ್ಗರಿಸಿ ಬಿದ್ದವು. ಬೈದುಕೊಂಡು ಒಂದೊಂದನ್ನೇ ಎತ್ತಿ ನಿಲ್ಲಿಸಿದೆ. ಬೀಳುವಂಥವುಗಳ ಬಗ್ಗೆ ನನಗೆ ಹೆದರಿಕೆಯಿಲ್ಲ. ಬಿದ್ದದ್ದು ಕಣ್ಣಿಗೆ ಕಾಣುತ್ತದೆ. ಏನೂ ಆಗಿಲ್ಲವೆಂಬಂತೆ ಕೊನೆಯ ತನಕ ಓಡಿ ಬೇರೆಯೇ ಉತ್ತರ ಕೊಡುವಂಥವು ಇರುತ್ತವಲ್ಲ, ಹೆದರಬೇಕಾದದ್ದು ಅವುಗಳಿಗೆ. ಅದಕ್ಕಾಗಿ ನಮ್ಮಲ್ಲೊಂದು ಪದ್ಧತಿ. ಹಳೆಯ ಕಂಪ್ಯೂಟರನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಎರಡಕ್ಕೂ ಒಂದೇ ಮಾಹಿತಿ ಕೊಟ್ಟು ಓಡಿಸುತ್ತೇವೆ. ಜೋಡಿ ಓಟ ಎನ್ನುತ್ತೇವೆ ಅದಕ್ಕೆ. ಎರಡರ ಉತ್ತರವೂ ಒಂದೇ ಆದರೆ ಕಂಪ್ಯೂಟರಿನ ತೆರೆ ಖಾಲಿ. ಒಂದಕ್ಷರ ಹೆಚ್ಚುಕಮ್ಮಿಯಾದರೂ ಆ ಸಾಲು ಕೆಂಪಾಗಿ ಕಾಣಿಸುತ್ತದೆ. ತೆರೆ ಖಾಲಿಯಾಗುವವರೆಗೆ ಹೊಸದಕ್ಕೆ ಯಾರೂ ಸಹಿ ಹಾಕುವಂತಿಲ್ಲ.

ಕಿಡ್ನಿ ಕಸಿಗೆ ಕಾಯುವವರ ಸರದಿಯ ಸ್ಕ್ರಿಪ್ಟನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ. ಅದರಲ್ಲಿ ಮುಚ್ಚುಮರೆಯೇನಿಲ್ಲ. ಆ ಸರದಿಯಲ್ಲಿ ನನ್ನ ತಮ್ಮನಿದ್ದ. ಇಡೀ ಆಸ್ಪತ್ರೆಗೆ ಅದು ಗೊತ್ತಿತ್ತು.

ನನ್ನ ತಮ್ಮ ಫೋಟೋಗಳಿಗೆ ಕಟ್ಟು ಹಾಕುವವನು. ಗಾಜು ಕತ್ತರಿಸುವುದರಲ್ಲಿ ಅವನದು ಎತ್ತಿದ ಕೈ. ಡಯಾಲಿಸಿಸ್ಸಿಗೆಂದು ಎಡಗೈಯ ರಕ್ತನಾಳ ಜೋಡಿಸಿದ ಮೇಲೆ ಆ ಕೈಯಲ್ಲಿ ಭಾರ ಎತ್ತಬಾರದು ಎಂದರು. ಅಂದಿನಿಂದ ದೊಡ್ಡ ಗಾಜಿನ ಕೆಲಸವೆಲ್ಲ ಬಿಟ್ಟು, ಅಂಗೈಯಗಲದ ಫೋಟೋಗಳಿಗೆ ಮಾತ್ರ ಕಟ್ಟು ಹಾಕುತ್ತಿದ್ದ. ವಾರಕ್ಕೆ ಮೂರು ದಿನ ಎರಡನೇ ಮಹಡಿಯ ಡಯಾಲಿಸಿಸ್ ಕೋಣೆಯಲ್ಲಿ ಮಲಗುತ್ತಿದ್ದ. ಅಮ್ಮ ತನ್ನ ಕಿಡ್ನಿ ಕೊಡುತ್ತೇನೆಂದು ಹಟ ಹಿಡಿದಿದ್ದಳು, ಸಕ್ಕರೆ ಕಾಯಿಲೆಯೆಂದು ಅವಳನ್ನು ವಾಪಸು ಕಳಿಸಿದರು. ನನ್ನದು ಹೊಂದಲಿಲ್ಲ. ಹಿಂದೆ ಅಪಘಾತವೊಂದರಲ್ಲಿ ಅವನಿಗೆ ಬಾಟಲಿಗಟ್ಟಲೆ ಬೇರೆಯವರ ರಕ್ತ ಕೊಟ್ಟಿದ್ದರು. ಅದರಿಂದಾಗಿ ಅವನ ಮೈ ಯಾರ ಅಂಗವನ್ನೂ ಅಷ್ಟು ಸುಲಭಕ್ಕೆ ಒಪ್ಪುವಂತಿರಲಿಲ್ಲ. ಸತ್ತವರ ಮನೆಯವರು ದಾನ ಮಾಡಿದ ಕಿಡ್ನಿ, ಅದೂ ಅವನಿಗೆ ಹೊಂದುವಂಥದು, ಅಪರೂಪಕ್ಕೆ ಎಂದಾದರೊಮ್ಮೆ ಬರಬೇಕಿತ್ತು.

ಸರದಿಯ ನಿಯಮ ಸರಳವಾಗಿತ್ತು. ಕಾದ ಪ್ರತಿ ವರ್ಷಕ್ಕೆ ಒಂದು ಅಂಕ. ಹೊಂದಿಕೆ ಸಿಗುವುದು ಕಷ್ಟವಿರುವ ನನ್ನ ತಮ್ಮನಂಥವರಿಗೆ ಮೇಲೊಂದು ಅಂಕ. ಅಂಕ ಸಮವಾದರೆ ವಯಸ್ಸಿನಲ್ಲಿ ಹಿರಿಯರು ಮುಂದೆ. ಡಯಾಲಿಸಿಸ್ ಕೋಣೆಯವರು ಇದನ್ನು ಅರೆದು ಕುಡಿದಿದ್ದರು. ತಿಂಗಳುಗಳು ಉರುಳಿದರೂ ಸರದಿ ಜಗ್ಗುವುದಿಲ್ಲ, ವರ್ಷ ತುಂಬಿದ ದಿನ ಮಾತ್ರ ಒಮ್ಮೆಲೇ ಮೇಲಕ್ಕೆ ಹಾರುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಆ ದಿನವನ್ನು ಅವರು ಹುಟ್ಟುಹಬ್ಬ ಎನ್ನುತ್ತಿದ್ದರು. ಯಾರದಾದರೂ ಹುಟ್ಟುಹಬ್ಬವಾದರೆ ನರ್ಸುಗಳೂ ಸೇರಿ ಚಪ್ಪಾಳೆ ತಟ್ಟುತ್ತಿದ್ದರು.

ತಮ್ಮನ ಪಕ್ಕದ ಹಾಸಿಗೆಯಲ್ಲಿ ಶಾಲೆಯ ವ್ಯಾನ್ ಓಡಿಸುತ್ತಿದ್ದವರೊಬ್ಬರು ಮಲಗುತ್ತಿದ್ದರು. ಎಲ್ಲರಿಗೂ ಅವರು ವ್ಯಾನಣ್ಣ. ಇಬ್ಬರದೂ ಒಂದೇ ರಕ್ತದ ಗುಂಪು. ಹೀಗಾಗಿ ಒಬ್ಬರ ಸರದಿ ಇನ್ನೊಬ್ಬರಿಗೆ ಅಡ್ಡವೇ, ಆದರೂ ಇಬ್ಬರೂ ಒಂದು ಜೀವದ ಹಾಗಿದ್ದರು. ನಮ್ಮ ಜೋಡಿ ಓಟ ನಡೆಯುತ್ತಿದ್ದ ದಿನಗಳಲ್ಲೇ ವ್ಯಾನಣ್ಣನ ಹುಟ್ಟುಹಬ್ಬ ಬಂತು. “ನಂಗೀಗ ಐದು ತುಂಬ್ತು ಸಿಸ್ಟರ್, ಸ್ಕೂಲಿಗೆ ಸೇರಿಸ್ಕೊಳ್ಳಿ” ಎಂದು ಅವರು ಕೋಣೆಯನ್ನೆಲ್ಲ ನಗಿಸಿದರಂತೆ. ತಮ್ಮ ಇದನ್ನು ಮನೆಯಲ್ಲಿ ಹೇಳಿ ಮತ್ತೊಮ್ಮೆ ನಕ್ಕ. ಅವನಿಗೂ ಐದು ತುಂಬಲು ಹೆಚ್ಚು ದಿನ ಉಳಿದಿರಲಿಲ್ಲ.

ಒಂದು ಬೆಳಿಗ್ಗೆ ಸರದಿಯ ಸ್ಕ್ರಿಪ್ಟನ್ನು ಎರಡೂ ಕಡೆ ಓಡಿಸಿದೆ. ಅದು ಎಲ್ಲೂ ಮುಗ್ಗರಿಸಲಿಲ್ಲ. ತೆರೆಯ ಮೇಲೆ ಒಂದಿಷ್ಟು ಸಾಲುಗಳು ಕೆಂಪಾದವು. ರೋಗಿಗಳ ಹೆಸರು ಅಲ್ಲಿ ಕಾಣುವುದಿಲ್ಲ, ಸಂಖ್ಯೆ ಮಾತ್ರ. ಆದರೆ ನನ್ನ ತಮ್ಮನ ಸಂಖ್ಯೆ ನನಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು. ಹಳೆಯ ಕಂಪ್ಯೂಟರಿನಲ್ಲಿ ಅವನು ಅವನ ರಕ್ತದ ಗುಂಪಿನಲ್ಲಿ ಎರಡನೆಯವನು, ಹೊಸದರಲ್ಲಿ ಮೊದಲನೆಯವನು.

ನನಗೆ ಮೊದಲು ಆದದ್ದು ಸಂತೋಷ. ಯಾಕೆ ಹೀಗಾಯಿತು ಎಂದು ನೋಡುವುದಕ್ಕೂ ಮೊದಲೇ ಎದೆ ಹೂವಾಗಿತ್ತು. ಆಮೇಲೆ ಬುದ್ಧಿ ಬಂತು, ಹುಡುಕತೊಡಗಿದೆ. ಹೆಚ್ಚು ಹುಡುಕಬೇಕಾಗಲಿಲ್ಲ. ಕಾದ ದಿನಗಳನ್ನು ವರ್ಷದ ದಿನಗಳಿಂದ ಭಾಗಿಸು ಎಂದು ಒಂದು ಸಾಲು, ನಡುವೆ ಭಾಗಾಕಾರದ ಓರೆಗೆರೆ. ಭಾಷೆಯ ಹಳೆಯ ಆವೃತ್ತಿಗೆ ಒಂದು ಚಾಳಿಯಿತ್ತು. ಪೂರ್ಣಸಂಖ್ಯೆಯನ್ನು ಪೂರ್ಣಸಂಖ್ಯೆಯಿಂದ ಭಾಗಿಸಿದರೆ ಅದು ಉತ್ತರವನ್ನೂ ಪೂರ್ಣಸಂಖ್ಯೆಯಾಗಿಯೇ ಕೊಟ್ಟು, ಮಿಕ್ಕಿದ್ದನ್ನು ಯಾರಿಗೂ ಹೇಳದೆ ಬಿಸಾಕುತ್ತಿತ್ತು. ಹೊಸ ಆವೃತ್ತಿ ಮಿಕ್ಕಿದ್ದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ವ್ಯಾನಣ್ಣನಿಗೆ ಐದು ತುಂಬಿ ಕೆಲವು ದಿನ, ಅಷ್ಟೇ. ತಮ್ಮನಿಗೆ ನಾಲ್ಕು ವರ್ಷದ ಮೇಲೆ ಹನ್ನೊಂದು ತಿಂಗಳು, ಜೊತೆಗೆ ಕಷ್ಟದ ಹೊಂದಿಕೆಯ ಒಂದು ಅಂಕ. ಹಳೆಯದು ಆ ಹನ್ನೊಂದು ತಿಂಗಳನ್ನು ಕಿತ್ತುಹಾಕಿ ಇಬ್ಬರಿಗೂ ಐದೈದು ಅಂಕ ಕೊಟ್ಟಿತ್ತು. ವಯಸ್ಸಿನಲ್ಲಿ ಹಿರಿಯರೆಂದು ವ್ಯಾನಣ್ಣ ಮುಂದೆ ನಿಂತಿದ್ದರು. ಹೊಸದರಲ್ಲಿ ತಮ್ಮನ ಅಂಕ ಆರಕ್ಕೆ ಕೂದಲೆಳೆಯಷ್ಟು ಕಡಿಮೆ.

ಸರದಿಯನ್ನು ಗೊತ್ತುಮಾಡುವ ಕಸಿ ಸಮಿತಿಯ ನಿಯಮವನ್ನು ತೆಗೆದು ಓದಿದೆ. ‘ಕಾದ ಕಾಲಕ್ಕೆ ತಕ್ಕಂತೆ’ ಎಂದಿತ್ತು. ವರ್ಷ ತುಂಬಬೇಕು ಎಂದು ಎಲ್ಲೂ ಇರಲಿಲ್ಲ.

ಆ ಸ್ಕ್ರಿಪ್ಟನ್ನು ಬರೆದವರು ನಮ್ಮಲ್ಲೇ ಇದ್ದು ನಿವೃತ್ತರಾದ ಹಳೇ ಡಾಕ್ಟರು. ಅವರ ಕಾಲಕ್ಕೂ ಮೊದಲು ಯಾರಿಗೆ ಕಿಡ್ನಿ ಎಂಬುದು ಯಾರ ಫೋನು ಎಲ್ಲಿಂದ ಬಂತು ಎಂಬುದರ ಮೇಲೆ ನಿಂತಿತ್ತು. ಅದನ್ನು ಕಂಡು ರೋಸಿಹೋಗಿ, ಬಿಡುವಿನಲ್ಲಿ ತಾವೇ ಭಾಷೆ ಕಲಿತು, ಇನ್ನು ಮೇಲೆ ಸರದಿಯನ್ನು ಕಂಪ್ಯೂಟರ್ ಹೇಳಲಿ ಎಂದು ಪಟ್ಟು ಹಿಡಿದು ಮಾಡಿದವರು. ಅವರಿಗೆ ಫೋನ್ ಮಾಡಿದೆ.

“ಸಾರ್, ವರ್ಷದ ಮೇಲಿನ ತಿಂಗಳುಗಳನ್ನ ಬಿಡ್ಬೇಕು ಅಂತ ನೀವೇ ಬರೆದದ್ದಾ?”

“ಬಿಡೋದಾ? ಯಾಕಮ್ಮಾ ಬಿಡ್ಲಿ? ಒಂದು ದಿನ ಕಾದಿದ್ರೂ ಅದಕ್ಕೆ ಬೆಲೆ ಸಿಗ್ಲಿ ಅಂತಾನೇ ನಾನು ದಿನದ ಲೆಕ್ಕ ಇಟ್ಟಿದ್ದು.”

ಓರೆಗೆರೆಯ ಕಥೆಯನ್ನು ಹೇಳಿದೆ. ಅವರ ಮನೆಯಲ್ಲಿ ಎಲ್ಲೋ ನಲ್ಲಿಯಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು.

“ತೆರೆ ಮೇಲೆ ಐದು, ಆರು ಅಂತ ಪೂರ್ತಿ ಸಂಖ್ಯೆನೇ ಬರ್ತಿತ್ತು” ಎಂದರು ಕೊನೆಗೆ. “ನೋಡೋಕೆ ಚೊಕ್ಕವಾಗಿರ್ಲಿ ಅಂತ ಹಾಗೆ ತೋರಿಸ್ತಿದೆ, ಒಳಗೆ ಎಲ್ಲಾ ಇಟ್ಕೊಂಡಿರುತ್ತೆ ಅಂದ್ಕೊಂಡಿದ್ದೆ. ಅಂದ್ರೆ ಇಷ್ಟು ವರ್ಷ…”

“ಹೌದು ಸಾರ್.”

“ಯಾರ್ಯಾರ ಸರದಿ ತಪ್ಪಿತೋ.”

ಆಮೇಲೆ ಅವರೇ ಕೇಳಿದರು, “ನಿನ್ನ ತಮ್ಮ ಇನ್ನೂ ಕಾಯ್ತಾ ಇದ್ದಾನಲ್ಲ? ಹೊಸ ಲೆಕ್ಕದಲ್ಲಿ ಮುಂದೆ ಬಂದ್ನಾ, ಹಿಂದೆ ಹೋದ್ನಾ?”

“ಮುಂದೆ ಬಂದ ಸಾರ್. ಮೊದಲನೇವನು.”

“ಹಾಗಾದ್ರೆ ನೀನೊಬ್ಬಳೇ ಏನೂ ಮಾಡೋಕೆ ಹೋಗ್ಬೇಡ. ಈಗಲೇ ಎದ್ದು ದೊಡ್ಡ ಡಾಕ್ಟರ ಹತ್ರ ಹೋಗು.”

ಎದ್ದೆ, ಆದರೆ ತಕ್ಷಣ ಹೋಗಲಿಲ್ಲ. ಕೆಂಪು ಸಾಲಿನ ಮುಂದೆ ‘ಸರಿಯಾದ ಬದಲಾವಣೆ’ ಎಂದು ಗುರುತು ಹಾಕಿ, ತೆರೆಯಿಂದ ತೆಗೆದು ದಾಟಿಸುವ ಅಧಿಕಾರ ನನಗೇ ಇತ್ತು. ಹಾಗೆ ಎಷ್ಟೋ ದಾಟಿಸಿದ್ದೆ. ಈ ಸಾಲನ್ನು ನನ್ನ ಹೊರತು ಯಾರೂ ಓದುವವರಿರಲಿಲ್ಲ. ಸುಳ್ಳನ್ನೂ ಹೇಳಬೇಕಿರಲಿಲ್ಲ, ಯಾಕೆಂದರೆ ಬದಲಾವಣೆ ನಿಜವಾಗಿಯೂ ಸರಿಯಾದದ್ದೇ. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತು ನನ್ನೊಡನೆ ನಾನೇ ಜಗಳವಾಡಿದೆ. ಕೊನೆಗೆ ನನ್ನನ್ನು ಮೇಲಿನ ಮಹಡಿಗೆ ಅಟ್ಟಿದ್ದು ಯಾವ ದೊಡ್ಡ ಗುಣವೂ ಅಲ್ಲ. ಬೇರೆ ಯಾರೋ ಅಕ್ಕ ತನ್ನ ತಮ್ಮನಿಗೆ ಹೀಗೆ ಮಾಡಿದ್ದು ನನಗೆ ಗೊತ್ತಾದರೆ ಅವಳ ಜುಟ್ಟು ಹಿಡಿದು ಬೀದಿಗೆಳೆಯುತ್ತಿದ್ದೆ. ಅದೊಂದೇ ತಲೆಯಲ್ಲಿ ಕೂತಿತ್ತು.

ಕಸಿ ವಿಭಾಗದ ಮುಖ್ಯಸ್ಥೆಯನ್ನು ನಾವೆಲ್ಲ ದೊಡ್ಡ ಡಾಕ್ಟರ್ ಎನ್ನುತ್ತೇವೆ. ಮಾತು ಕಡಿಮೆ, ಮುಖದಲ್ಲಿ ಒಳಗಿನದೇನೂ ಕಾಣದು. ಅವರ ಕೋಣೆಯಲ್ಲಿ ರೋಗಿಗಳನ್ನು ಕರೆಸುವ ಸಂಯೋಜಕನೂ ಇದ್ದ. ನಾನು ಎಲ್ಲವನ್ನೂ ಹೇಳಿದೆ, ಮೊದಲನೆಯವನು ನನ್ನ ತಮ್ಮ ಎಂಬುದನ್ನೂ ಸೇರಿಸಿ. ಸಂಯೋಜಕನ ಮುಖ ಬಿಳಿಚಿಕೊಂಡಿತು. ವರ್ಷ ತುಂಬಲಿ, ಅಂಕ ಬರುತ್ತದೆ ಎಂದು ರೋಗಿಗಳಿಗೆ ಹೇಳುತ್ತಾ ಬಂದವನು ಅವನೇ.

“ನೀನು ಹೇಳ್ತಿರೋದು ಸರಿ ಅಂತಾನೇ ನಂಗೂ ಅನ್ನಿಸ್ತಿದೆ” ಎಂದರು ದೊಡ್ಡ ಡಾಕ್ಟರ್. “ಆದ್ರೆ ಇಷ್ಟೂ ಜನ ಈ ಲೆಕ್ಕ ನಂಬ್ಕೊಂಡು ಕಾಯ್ತಾ ಇದ್ದಾರೆ. ವರ್ಷಕ್ಕೊಂದು ಅಂಕ ಅಂತ ನಾವೇ ಹೇಳಿದ್ದೀವಿ.”

“ತಪ್ಪು ಹೇಳಿದ್ದೀವಿ ಮೇಡಂ.”

“ಹೇಳಿದ್ದಂತೂ ಹೌದಲ್ಲ? ಈಗ ಒಂದು ಬೆಳಿಗ್ಗೆ ಎದ್ದು, ಕಂಪ್ಯೂಟರ್ ಬದಲಾಯ್ತು, ಸರದಿನೂ ಬದಲಾಯ್ತು, ಮೊದಲು ಬಂದವನು ಕಂಪ್ಯೂಟರ್ ನೋಡಿಕೊಳ್ಳೋಳ ತಮ್ಮ ಅಂದ್ರೆ? ಇನ್ನು ಈ ಪಟ್ಟಿನ ಯಾರು ನಂಬ್ತಾರೆ?”

ನನಗೆ ಪಿತ್ತ ನೆತ್ತಿಗೇರಿತು. ಅವರು ಹೇಳಿದ್ದು ನಿಜವಾದ್ದರಿಂದ ಇನ್ನೂ ಜಾಸ್ತಿ ಏರಿತು.

“ಸಮಿತಿ ಮುಂದಿನ ತಿಂಗಳು ಕೂರುತ್ತೆ” ಎಂದರು. “ಎಲ್ಲಾ ಅವರ ಮುಂದೆ ಇಡ್ತೀನಿ, ಹಳೇ ಡಾಕ್ಟರನ್ನೂ ಕರೆಸ್ತೀನಿ. ಬದಲಾಯಿಸೋದಾದ್ರೆ ಎಲ್ಲರಿಗೂ ಹೇಳಿ ಬದಲಾಯಿಸೋಣ. ಅಲ್ಲಿವರೆಗೂ ಹಳೇದು ಏನು ಉತ್ತರ ಕೊಡ್ತಿತ್ತೋ ಹೊಸದೂ ಅದನ್ನೇ ಕೊಡ್ಲಿ. ಹೇಗೂ ನಿನ್ನ ತಮ್ಮನ ವರ್ಷ ತುಂಬೋಕೆ ಕೆಲವೇ ದಿನ ಅಲ್ವಾ?”

“ಅಂದ್ರೆ ಸರಿಯಾಗಿ ಲೆಕ್ಕ ಮಾಡ್ತಿರೋ ಮಷಿನ್ನಿಗೆ ತಪ್ಪು ಮಾಡು ಅಂತ ನಾನು ಹೇಳಿಕೊಡ್ಬೇಕು.”

“ನೀನು ಬೇಡ. ಹೊರಗಿನವರು ಯಾರಾದ್ರೂ ಬಂದು ಮಾಡ್ತಾರೆ.”

“ಬೇಡ ಮೇಡಂ, ನಾನೇ ಮಾಡ್ತೀನಿ” ಎಂದೆ. ಹೊರಗಿನವರು ಮಾಡಿದ್ದರೆ ಇಂದಿಗೂ ಅವರಿಗೆ ಹಿಡಿಶಾಪ ಹಾಕುತ್ತಾ ಕೂತಿರುತ್ತಿದ್ದೆ. ಅಂಥ ಸುಖ ನನಗೆ ಬೇಕಿರಲಿಲ್ಲ.

ಕೆಳಗಿಳಿದು ಬಂದೆ. ಭಾಷೆಯವರು ಹಳೆಯ ಚಾಳಿಗೂ ಒಂದು ದಾರಿ ಬಿಟ್ಟಿದ್ದರು. ಓರೆಗೆರೆಯನ್ನು ಎರಡು ಸಲ ಹಾಕಿದರೆ ಮಿಕ್ಕಿದ್ದನ್ನು ಮೊದಲಿನ ಹಾಗೆಯೇ ಬಿಸಾಕುತ್ತದೆ. ಇನ್ನೊಂದು ಓರೆಗೆರೆ ಹಾಕಿದೆ. ನೊಣ ಕೂತಷ್ಟೂ ಜಾಗ ಹಿಡಿಯುವುದಿಲ್ಲ ಅದು. ಮತ್ತೆ ಎರಡೂ ಕಡೆ ಓಡಿಸಿದೆ, ತೆರೆ ಖಾಲಿಯಾಯಿತು. ದೊಡ್ಡ ಡಾಕ್ಟರ್ ಸಹಿ ಹಾಕಿದರು, ಹಳೆಯ ಕಂಪ್ಯೂಟರನ್ನು ಬಂದ್ ಮಾಡಿದೆವು. ಮನೆಗೆ ಹೋಗಿ ಅಮ್ಮನ ಮುಂದಾಗಲಿ ತಮ್ಮನ ಮುಂದಾಗಲಿ ಬಾಯಿ ಬಿಡಲಿಲ್ಲ. ಕೆಲವೇ ದಿನ, ಅದರೊಳಗೆ ಏನಾದೀತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಸಮಿತಿ ಕೂರುವುದಕ್ಕೂ ಮೊದಲೇ, ತಮ್ಮನ ವರ್ಷ ತುಂಬುವುದಕ್ಕೂ ಮೊದಲೇ, ಒಂದು ಮುಂಜಾನೆ ಸಂಯೋಜಕನ ಫೋನು ಬಂತು. ಬೇರೊಂದು ಆಸ್ಪತ್ರೆಯಲ್ಲಿ ಒಬ್ಬರ ಮಿದುಳು ಸತ್ತು, ಮನೆಯವರು ಅಂಗದಾನಕ್ಕೆ ಒಪ್ಪಿದ್ದರು. ಒಂದು ಕಿಡ್ನಿ ಆ ಆಸ್ಪತ್ರೆಗೇ, ಇನ್ನೊಂದು ನಮ್ಮ ಪಟ್ಟಿಗೆ. ಇಂಥ ಸಂದರ್ಭದಲ್ಲಿ ಇಬ್ಬರನ್ನು ಕರೆಸುತ್ತಾರೆ. ಮೊದಲನೆಯವರ ರಕ್ತ ದಾನಿಯ ರಕ್ತದೊಡನೆ ಕಾದಾಡಿದರೆ ಎರಡನೆಯವರಿಗೆ ಕೊಡಬೇಕಲ್ಲ, ಅದಕ್ಕೆ. ತಮ್ಮ ಎರಡನೆಯವನು.

ಅಮ್ಮ ಬಾಗಿಲ ಹಿಂದೆ ಸಿದ್ಧವಾಗಿ ನೇತುಹಾಕಿದ್ದ ಚೀಲವನ್ನು ತೆಗೆದು ಅವನ ಹೆಗಲಿಗೆ ಹಾಕಿದಳು. ಏನೂ ತಿನ್ನಬಾರದು ಎಂದಿದ್ದರಿಂದ ಅವನು ಖಾಲಿ ಹೊಟ್ಟೆಯಲ್ಲಿ ಹೊರಟ. ಆಸ್ಪತ್ರೆಯಲ್ಲಿ ಅವನನ್ನೂ ವ್ಯಾನಣ್ಣನನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಇಬ್ಬರಿಗೂ ಹಸಿರು ಅಂಗಿ ತೊಡಿಸಿ, ರಕ್ತ ತೆಗೆದುಕೊಂಡು ಹೋದರು. ಫಲಿತಾಂಶ ಬರಲು ಮಧ್ಯಾಹ್ನವಾಗುತ್ತಿತ್ತು. ವ್ಯಾನಣ್ಣನ ಹೆಂಡತಿ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ತುಟಿ ಆಡಿಸುತ್ತಾ ನಿಂತಿದ್ದಳು. ನಾನೂ ಅದೇ ಗೋಡೆಗೆ ಒರಗಿ ನಿಂತೆ.

“ನೀನೇ ತಗೊಳ್ಳೋ ತಮ್ಮಾ, ನಂಗೆ ಸೂಜಿ ಅಂದ್ರೆ ಭಯ” ಎಂದರು ವ್ಯಾನಣ್ಣ. ಅವರ ಕೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟದ ಜಾಗವೇ ಇರಲಿಲ್ಲ.

“ಮಕ್ಕಳನ್ನ ಸ್ಕೂಲಿಗೆ ಬಿಡೋರು ಹೀಗೆ ಹೆದರಿದ್ರೆ ಹೇಗಣ್ಣಾ?” ಎಂದ ತಮ್ಮ. ಇಬ್ಬರೂ ನಕ್ಕರು. ಆಮೇಲೆ ಇಬ್ಬರೂ ಬಹಳ ಹೊತ್ತು ನಗಲಿಲ್ಲ.

ನಾನು ಆಗ ಏನು ಬೇಡಿಕೊಂಡೆ ಎಂಬುದನ್ನು ಹೇಳಿಬಿಡುತ್ತೇನೆ. ವ್ಯಾನಣ್ಣನ ರಕ್ತ ಒಗ್ಗದೇ ಹೋಗಲಿ ಎಂದು ಬೇಡಿಕೊಂಡೆ. ಪಕ್ಕದಲ್ಲಿ ನಿಂತ ಅವರ ಹೆಂಡತಿ ಅದರ ತದ್ವಿರುದ್ಧವನ್ನು ಬೇಡುತ್ತಿದ್ದಳು, ನಮ್ಮಿಬ್ಬರ ಭುಜ ಒಂದಕ್ಕೊಂದು ತಾಗುತ್ತಿತ್ತು.

ಸಂಯೋಜಕ ಬಂದ. ಇಬ್ಬರ ರಕ್ತವೂ ಒಗ್ಗಿತ್ತು. ಯಾವ ಅಂಗವನ್ನೂ ಒಪ್ಪದ ನನ್ನ ತಮ್ಮನ ಮೈ ಆ ಒಂದು ಕಿಡ್ನಿಯನ್ನು ಒಪ್ಪಿತ್ತು. ಸಂಯೋಜಕ ನನ್ನ ಮುಖ ನೋಡದೆ ವ್ಯಾನಣ್ಣನ ಕಡೆ ತಿರುಗಿ, “ನಡೀರಿ, ಹೋಗೋಣ” ಎಂದ. ವ್ಯಾನಣ್ಣ ಎದ್ದವರು ತಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡರು. “ಹೋಗಿ ಬನ್ನಿ ಅಣ್ಣಾ” ಎಂದ ತಮ್ಮ. ಅವರನ್ನು ಕರೆದುಕೊಂಡು ಹೋದ ಮೇಲೆ ಹಸಿರು ಅಂಗಿ ಬಿಚ್ಚಿ, ಮಡಿಸಿ, ಮಂಚದ ಮೇಲಿಟ್ಟ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವನು, ಈಚೆಗೆ ನಾನು. ಅವತ್ತೇ ಹೇಳಬೇಕಿತ್ತೋ ಇಲ್ಲವೋ, ಗೊತ್ತಿಲ್ಲ. ಹೇಳದೆ ಅವನ ಪಕ್ಕ ಕೂತಿರಲು ನನ್ನಿಂದಾಗಲಿಲ್ಲ. ಓರೆಗೆರೆ, ಹನ್ನೊಂದು ತಿಂಗಳು, ದೊಡ್ಡ ಡಾಕ್ಟರ್ ಹೇಳಿದ್ದು, ಎಲ್ಲ ಹೇಳಿದೆ. ಅವನು ಕೊನೆಯವರೆಗೂ ಕೇಳಿಸಿಕೊಂಡ.

“ಟೈಪ್ ಮಾಡಿದ್ದು ನೀನೇನಾ?”

“ನಾನೇ.”

“ಹೂಂ” ಎಂದು ಕಿಟಕಿಯ ಕಡೆ ತಿರುಗಿದ. ನಮ್ಮ ನಿಲ್ದಾಣ ಬಂದಾಗ, “ಅಮ್ಮಂಗೆ ಹೇಳ್ಬೇಡ” ಎಂದ. ಅಷ್ಟೇ.

ಸಮಿತಿ ಕೂತಿತು. ಹಳೇ ಡಾಕ್ಟರು ಕೋಲೂರಿಕೊಂಡು ಬಂದು, ತಪ್ಪು ನನ್ನದು ಎಂದು ಎದ್ದುನಿಂತು ಹೇಳಿದರಂತೆ. ಹಿಂದಿನ ವರ್ಷಗಳ ಸರದಿಯನ್ನೆಲ್ಲ ಹೊರಗಿನವರಿಂದ ಮತ್ತೆ ಲೆಕ್ಕ ಹಾಕಿಸಬೇಕು ಎಂದು ಹಟ ಹಿಡಿದವರೂ ಅವರೇ. ಅದರ ಫಲಿತಾಂಶ ಬಂದ ಮೇಲೆ ಅವರು ಯಾರ ಫೋನನ್ನೂ ಎತ್ತುತ್ತಿಲ್ಲ. ಅಂಕದ ಲೆಕ್ಕ ಬದಲಾಯಿತು, ಎಲ್ಲ ರೋಗಿಗಳಿಗೂ ತಿಳಿಸಿದರು. ಎರಡನೆಯ ಓರೆಗೆರೆಯನ್ನು ಅಳಿಸಿದವಳೂ ನಾನೇ. ತಮ್ಮ ಈಗ ಅವನ ಗುಂಪಿನಲ್ಲಿ ಮೊದಲನೆಯವನು. ಅದಾದ ಮೇಲೆ ಬಂದ ಯಾವ ಕಿಡ್ನಿಯನ್ನೂ ಅವನ ಮೈ ಒಪ್ಪಲಿಲ್ಲ. ಅವನ ರಕ್ತ ಕಾದಾಡಿತು ಎಂದು ಪ್ರತಿ ಸಲವೂ ಸಂಯೋಜಕ ನನಗೇ ಬಂದು ಹೇಳುತ್ತಿದ್ದ. ಕಿಡ್ನಿ ಎರಡನೆಯವರ ಪಾಲಿಗೆ ಹೋಗುತ್ತಿತ್ತು.

ನಾನು ಅವನ ಡಯಾಲಿಸಿಸ್ ದಿನಗಳಲ್ಲಿ ಮೇಲಿನ ಮಹಡಿಗೆ ಹೋಗಿ ಅವನ ಬದಿಯಲ್ಲಿ ಸ್ಟೂಲು ಹಾಕಿಕೊಂಡು ಕೂರತೊಡಗಿದೆ. ಮೊದಲು ಹಾಗೆ ಮಾಡುತ್ತಿರಲಿಲ್ಲ. ಹಣ್ಣು ಸುಲಿದು ಕೊಡುತ್ತಿದ್ದೆ, ಹೊದಿಕೆ ಎಳೆಯುತ್ತಿದ್ದೆ, ಬೇಡದ್ದನ್ನೆಲ್ಲ ಮಾತಾಡುತ್ತಿದ್ದೆ. ಅವನು ಒರಟಾಗಿ ಏನೂ ಆಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ.

ಒಂದು ದಿನ ನಾವು ಹಾಗೆ ಕೂತಿದ್ದಾಗ ವ್ಯಾನಣ್ಣ ಬಂದರು. ಕೆನ್ನೆ ತುಂಬಿಕೊಂಡಿತ್ತು, ಗುರುತೇ ಹತ್ತಲಿಲ್ಲ. ಮತ್ತೆ ವ್ಯಾನ್ ಓಡಿಸುತ್ತಿದ್ದರು. ಅವರಿಗೆ ಓರೆಗೆರೆಯ ವಿಷಯ ಗೊತ್ತಿರಲಿಲ್ಲ. ಅಂಕದ ಲೆಕ್ಕ ಬದಲಾದದ್ದು ಗೊತ್ತಿತ್ತು, ಅದು ತಮಗೆ ಕಿಡ್ನಿ ಸಿಕ್ಕ ದಿನಕ್ಕೆ ಹೇಗೆ ತಾಗುತ್ತದೆಂದು ಲೆಕ್ಕ ಹಾಕಿ ನೋಡುವ ಜಾಯಮಾನ ಅವರದಲ್ಲ. ಹಳೆಯ ಗೆಳೆಯನ ಕೈ ಹಿಡಿದುಕೊಂಡು ಹರಟಿದರು. ಮಾತಿನ ನಡುವೆ ಗಂಟಲು ಒಣಗಿತೆಂದು ಚೀಲದಿಂದ ನೀರಿನ ಬಾಟಲಿ ತೆಗೆದವರು, ತಾವಿರುವುದು ಎಲ್ಲಿ ಎಂದು ನೆನಪಾಗಿ ಮತ್ತೆ ಒಳಗಿಡಲು ಹೋದರು. ಆ ಕೋಣೆಯವರಿಗೆ ನೀರು ಗುಟುಕಿನ ಲೆಕ್ಕ. ಕಿಡ್ನಿ ಕೆಟ್ಟವರು ಕುಡಿದದ್ದೆಲ್ಲ ಮೈಯಲ್ಲೇ ನಿಂತು ಎದೆಗೆ ಬರುತ್ತದೆ.

“ಕುಡೀರಣ್ಣ” ಎಂದ ತಮ್ಮ. “ಪೂರ್ತಿ ಕುಡೀರಿ. ನಾನು ನೋಡ್ಬೇಕು.”

ವ್ಯಾನಣ್ಣ ಸಂಕೋಚದಿಂದ ಬಾಟಲಿ ಎತ್ತಿದರು. ತಮ್ಮ ಅವರ ಗಂಟಲನ್ನೇ ನೋಡುತ್ತಿದ್ದ. ನೀರು ಮುಗಿಯುವವರೆಗೂ ನೋಡಿದ. “ಚೆನ್ನಾಗಿದ್ಯಾ?” ಎಂದು ಕೇಳಿದ. ವ್ಯಾನಣ್ಣನ ಕಣ್ಣು ತುಂಬಿತು, ತಲೆಯಾಡಿಸಿದರು. ಮಕ್ಕಳನ್ನು ಕರೆತರುವ ಹೊತ್ತಾಯಿತೆಂದು ಸ್ವಲ್ಪ ಹೊತ್ತಿಗೆ ಹೊರಟುಹೋದರು.

ತಮ್ಮ ಮೇಲ್ಛಾವಣಿ ನೋಡುತ್ತಾ ಮಲಗಿದ. ಯಂತ್ರ ತನ್ನ ಪಾಡಿಗೆ ತಿರುಗುತ್ತಿತ್ತು.

“ಅಕ್ಕಾ.”

“ಏನೋ?”

“ನೀನು ಮಾಡಿದ್ದು ಸರಿ. ಅವರ ಜಾಗದಲ್ಲಿ ನಾನಿದ್ದು, ಯಾರದೋ ಅಕ್ಕ ಬಾಯಿ ಮುಚ್ಕೊಂಡು ಆ ಸಾಲನ್ನ ದಾಟಿಸಿಬಿಟ್ಟಿದ್ರೆ, ನಾನು ಈ ಆಸ್ಪತ್ರೆಗೇ ಬೆಂಕಿ ಹಚ್ತಿದ್ದೆ.”

ಬಸ್ಸಿನಿಂದಿಳಿದ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಲೇ ಇಳಿಯಿತು. ನನಗೆ ಅಳು ಬಂತು, ಮುಚ್ಚಿಕೊಳ್ಳಲಿಲ್ಲ. ಅವನ ಕೈ ಹಿಡಿಯಲು ಹೋದೆ. ಅವನು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡ.

“ಈ ಮಾತು ಕೇಳೋಕೆ ತಾನೇ ನೀನು ಇಲ್ಲಿ ಬಂದು ಬಂದು ಕೂರ್ತಿದ್ದದ್ದು? ಕೇಳಾಯ್ತಲ್ಲ. ಇನ್ಮೇಲೆ ಬರ್ಬೇಡ.”

“ಯಾಕೋ ಹೀಗಂತೀಯ?”

“ಮನೇಲಿ ಅಮ್ಮ ಇರ್ತಾಳೆ, ನಗ್ತಾ ಇರ್ಬೇಕು. ಅಂಗಡೀಲಿ ಗಿರಾಕಿಗಳಿರ್ತಾರೆ. ನಂಗೆ ಕೋಪ ಮಾಡ್ಕೊಳ್ಳೋಕೆ ಇರೋದು ಈ ಹಾಸಿಗೆ ಒಂದೇ. ನೀನು ಎದುರಿಗೆ ಬಂದು ಹಣ್ಣು ಸುಲೀತಾ ಕೂತ್ರೆ ಅದೂ ಆಗಲ್ಲ.” ಅವನು ಇನ್ನೂ ಮೇಲ್ಛಾವಣಿಯನ್ನೇ ನೋಡುತ್ತಿದ್ದ. “ನೀನು ಸರಿ ಅಕ್ಕಾ. ಆದ್ರೆ ಸರಿ ಅಂತ ಗೊತ್ತಿದ್ದೂ ನಿನ್ನ ಮುಖ ನೋಡೋಕೆ ಇಲ್ಲಿ ನನ್ನ ಕೈಲಾಗ್ತಿಲ್ಲ.”

ಸುಲಿದ ಹಣ್ಣನ್ನು ತಟ್ಟೆಯಲ್ಲಿ ಅವನ ಕೈಗೆಟುಕುವಲ್ಲಿ ಇಟ್ಟೆ. ಸ್ಟೂಲನ್ನು ಎತ್ತಿ ನರ್ಸುಗಳ ಮೇಜಿನ ಪಕ್ಕ ಬಿಟ್ಟು, ಕೆಳಗೆ ನನ್ನ ಕೋಣೆಗೆ ಬಂದೆ. ಅವನು ಮೇಲೆ ಮಲಗಿರುವ ದಿನಗಳಲ್ಲಿ ಈಗ ನಾನು ಆ ಮಹಡಿಗೆ ಹೋಗುವುದಿಲ್ಲ.